ತಮ್ಮನ ರಕ್ತದಿಂದ ನರಕೋಶ ಮಾಡ್ತಾರಂತೆ, ಕೊಡಬಹುದಾ?

ಪ್ರಶ್ನೆ: ಡಾಕ್ಟರೇ, ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ನನ್ನ ತಮ್ಮನಿಗೆ 24 ವರ್ಷ, ಮೂರು ವರ್ಷದಿಂದ ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಅನುಮಾನ ಬರುವ ಮನೋರೋಗ) ಇದೆ. ಮಾತ್ರೆ ತಗೊಂಡರೆ ಪರವಾಗಿಲ್ಲ, ಗದ್ದೆಗೂ ಹೋಗುತ್ತಾನೆ. ನಮ್ಮ ದೊಡ್ಡಪ್ಪನಿಗೂ ಅವರ ಮಗನಿಗೂ ಇದೇ ಕಾಯಿಲೆ. ಬೆಂಗಳೂರಿನ ಆಸ್ಪತ್ರೆಗೆ ಹೋದಾಗ, ಸಂಶೋಧನೆಗೆ ರಕ್ತ ಕೊಡ್ತೀರಾ, ಅದರಿಂದ ಸ್ಟೆಮ್ ಸೆಲ್ ಮಾಡಿ ಮೆದುಳಿನ ಕೋಶ ಬೆಳೆಸುತ್ತೇವೆ ಅಂದರು. ಅವ್ವ ಹೆದರಿದ್ದಾರೆ. ಇದರಿಂದ ತಮ್ಮನಿಗೆ ಉಪಯೋಗ ಇದೆಯಾ? ಇನ್ನೊಂದು ಊರಿನಲ್ಲಿ ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದಲೇ ವಾಸಿ ಮಾಡ್ತೀವಿ, 4 ಲಕ್ಷ ಆಗುತ್ತೆ ಅಂತಾರೆ. ಕಾಕಾ ಒಂದು ಎಕರೆ ಮಾರೋಣ ಅನ್ನುತ್ತಿದ್ದಾರೆ. ನನಗೆ ಏನೂ ಕಾಯಿಲೆ ಇಲ್ಲ, ನನ್ನ ರಕ್ತವನ್ನೂ ಯಾಕೆ ಕೇಳಿದರು? ನನಗೆ ಮದುವೆ ಮಾತುಕತೆ ನಡೀತಿದೆ, ಆ ಚಿಂತೆಯೂ ಇದೆ.

ಉತ್ತರ: ತಂಗಿ, ಇಂಜೆಕ್ಷನ್ ವಿಷಯವನ್ನು ಮೊದಲು ಮುಗಿಸೋಣ, ಅದಕ್ಕೆ ಅವಸರ ಇದೆ. ಹೊಲ ಮಾರಬೇಡಿ. ಮುಂಗಡ ಅಂತ ಏನಾದರೂ ಕಟ್ಟಿದ್ದರೆ ವಾಪಸ್ ಕೇಳಿ. ಕೊಡದಿದ್ದರೆ ಹೋದದ್ದು ಹೋಯಿತು ಅಂದುಕೊಳ್ಳಿ, ಆದರೆ ಇನ್ನು ಒಂದು ರೂಪಾಯಿಯನ್ನೂ ಕಟ್ಟಬೇಡಿ.

ನಿಮ್ಮ ಮನೆಯಲ್ಲಿ ಗೊಂದಲ ಆಗಿರೋದು ಸಹಜ. ಇಬ್ಬರೂ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶ ಆಗಬಲ್ಲ ಮೂಲ ಕೋಶ) ಅನ್ನೋ ಒಂದೇ ಮಾತು ಹೇಳುತ್ತಿದ್ದಾರೆ, ಆದರೆ ಮಾಡೋ ಕೆಲಸ ಬೇರೆ ಬೇರೆ. ಬೆಂಗಳೂರಿನವರು ಸ್ವಲ್ಪ ರಕ್ತ ಹೊರಗೆ ತೆಗೆದುಕೊಂಡು, ಕಾಯಿಲೆ ಏನು ಅಂತ ಲ್ಯಾಬಿನಲ್ಲಿ ನೋಡುತ್ತಾರೆ. ನಿಮ್ಮ ತಮ್ಮನ ದೇಹದ ಒಳಗೆ ಏನನ್ನೂ ಹಾಕುವುದಿಲ್ಲ. ಇಂಜೆಕ್ಷನ್ ಅನ್ನುವವರು ಸಾಮಾನ್ಯವಾಗಿ ಮೂಳೆಯ ಮಜ್ಜೆಯಿಂದಲೋ ಕೊಬ್ಬಿನಿಂದಲೋ ತೆಗೆದ ಕೋಶಗಳನ್ನು ರಕ್ತನಾಳಕ್ಕೋ ಬೆನ್ನುಹುರಿಯ ನೀರಿಗೋ ಹಾಕುತ್ತಾರೆ. ಆ ಕೋಶಗಳು ಮೆದುಳಿಗೆ ಹೋಗಿ ಅಲ್ಲಿನ ನರಗಳ ಜೋಡಣೆಯನ್ನು ಸರಿ ಮಾಡುತ್ತವೆ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. ಬೆನ್ನಿಗೆ ಚುಚ್ಚಿದರೆ ಸೋಂಕಿನ ಭಯ ಬೇರೆ.

ಕಾಕಾ ಕೇಳಬಹುದು, ಜಪಾನಿನಲ್ಲಿ ಮೆದುಳಿಗೇ ಕೋಶ ಹಾಕಿದರಂತಲ್ಲ ಅಂತ. ನಿಜ, ಹಾಕಿದರು. ಕ್ಯೋಟೋದಲ್ಲಿ ಪಾರ್ಕಿನ್ಸನ್ ಅನ್ನೋ, ಕೈಕಾಲು ನಡುಗಿ ಬಿಗಿಯಾಗುವ ಕಾಯಿಲೆಯ 7 ಜನರ ಮೆದುಳಿಗೆ ಸ್ಟೆಮ್ ಸೆಲ್‌ನಿಂದ ಬೆಳೆಸಿದ ನರಕೋಶಗಳನ್ನು ಇಟ್ಟರು, 2025ರಲ್ಲಿ ಅದರ ಫಲಿತಾಂಶ ಬಂತು. ದೊಡ್ಡ ತೊಂದರೆ ಯಾರಿಗೂ ಆಗಲಿಲ್ಲ, ಕೆಲವರ ಕೈಕಾಲಿನ ಚಲನೆ ಸುಧಾರಿಸಿತು. ಆದರೆ ಪಾರ್ಕಿನ್ಸನ್‌ನಲ್ಲಿ ಮುಖ್ಯವಾಗಿ ಒಂದು ಜಾಗದ, ಒಂದು ಬಗೆಯ ಕೋಶಗಳು ಸಾಯುತ್ತವೆ. ಯಾವುದು ಸತ್ತಿದೆ ಅಂತ ಗೊತ್ತಿರೋದರಿಂದ ಅದನ್ನೇ ಬೆಳೆಸಿ ಆ ಜಾಗಕ್ಕೇ ಇಡಬಹುದು. ಗದ್ದೆಯಲ್ಲಿ ಒಂದು ಮೂಲೆಯ ಸಸಿ ಒಣಗಿದರೆ ಅಲ್ಲಿ ಮತ್ತೆ ನಾಟಿ ಮಾಡಿದ ಹಾಗೆ. ಸ್ಕಿಜೋಫ್ರೇನಿಯಾದಲ್ಲಿ ಹಾಗೆ ಒಂದು ಮೂಲೆ ಒಣಗಿರುವುದಿಲ್ಲ. ಸಸಿಗಳೆಲ್ಲ ಇವೆ, ಒಂದಕ್ಕೊಂದು ನೀರು ಹರಿಯುವ ಕಾಲುವೆಗಳಲ್ಲೇ ಎಲ್ಲೋ ವ್ಯತ್ಯಾಸ ಆಗಿದೆ. ಅಲ್ಲಿ ಯಾವ ಕೋಶವನ್ನು ತಂದು ಎಲ್ಲಿ ಇಡುತ್ತೀರಿ?

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲೇ ನಿಯಮ ಮಾಡಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿ ಚಿಕಿತ್ಸೆ ಅಂತ ಒಪ್ಪಿತವಾದದ್ದು. ಉಳಿದ ಕಾಯಿಲೆಗಳಿಗೆ ಸ್ಟೆಮ್ ಸೆಲ್ ಕೊಡುವುದಿದ್ದರೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ, ಅದಕ್ಕೆ ರೋಗಿಯಿಂದ ದುಡ್ಡು ತಗೊಳ್ಳುವಂತಿಲ್ಲ. ಆಟಿಸಂ ಮಕ್ಕಳ ಹೆಸರಲ್ಲಿ ಈ ವ್ಯಾಪಾರ ಜಾಸ್ತಿ ಆದಾಗ, ಹಾಗೆ ಮಾಡಬಾರದು ಅಂತ 2022ರ ಕೊನೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಹೇಳಿತು. ನಿಮ್ಮ ಹತ್ತಿರ ಯಾರಾದರೂ 4 ಲಕ್ಷ ಕೇಳಿದರು ಅಂದರೆ ಅಷ್ಟರಲ್ಲೇ ಅರ್ಥ ಮಾಡಿಕೊಳ್ಳಿ.

ಬಳ್ಳಾರಿಯಲ್ಲಿ ನನ್ನ ಹತ್ತಿರ ಬರುತ್ತಿದ್ದ ಸಿರುಗುಪ್ಪ ಕಡೆಯ ಒಂದು ಕುಟುಂಬ ಹೀಗೇ ಮಾಡಿತ್ತು. ಇದ್ದ ಎರಡು ಎಮ್ಮೆ ಮಾರಿ, ಬಡ್ಡಿಗೆ ಸಾಲ ತಂದು, ಮೂರು ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ದುಡ್ಡು ಹೋದದ್ದಕ್ಕಿಂತ ದೊಡ್ಡ ನಷ್ಟ ಬೇರೆ ಆಯಿತು. ಇನ್ನು ಮಾತ್ರೆ ಬೇಡ ಅಂತ ಅಲ್ಲಿ ಹೇಳಿ ಕಳಿಸಿದ್ದರು. ಎರಡು ತಿಂಗಳಿಗೆ ಹುಡುಗ ಊಟ ಬಿಟ್ಟ, ಊಟದಲ್ಲಿ ವಿಷ ಹಾಕಿದ್ದೀರಿ ಅಂತ ತಾಯಿಯ ಮೇಲೇ ಕೈ ಎತ್ತಿದ. ಅವನನ್ನು ಮೊದಲಿನ ಸ್ಥಿತಿಗೆ ತರೋದಕ್ಕೆ ನಮಗೆ ಒಂದು ವರ್ಷ ಬೇಕಾಯಿತು. ಆ ತಾಯಿ ಹೊರಗಿನ ಬೆಂಚಿನ ಮೇಲೆ ಕೂತಿದ್ದು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ಅದಕ್ಕೇ ನಿಮಗೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಇನ್ನು ಬೆಂಗಳೂರಿನ ಮಾತಿಗೆ ಬರೋಣ. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಹೃದಯದ ಕಾಯಿಲೆ ಆದರೆ ಇಸಿಜಿ ಮಾಡಬಹುದು, ಲಿವರ್ ಕೆಟ್ಟರೆ ಸೂಜಿಯಲ್ಲಿ ಒಂದು ಚೂರು ತೆಗೆದು ನೋಡಬಹುದು. ಬದುಕಿರುವ ಮನುಷ್ಯನ ಮೆದುಳಿನಿಂದ ಸುಮ್ನೆ ಒಂದು ಚೂರು ತೆಗೆದು ನೋಡೋದಕ್ಕೆ ಆಗಲ್ಲ, ಅಲ್ವಾ? ಸತ್ತ ಮೇಲೆ ನೋಡಿದರೆ ಅದು ಹತ್ತಿಪ್ಪತ್ತು ವರ್ಷ ಕಾಯಿಲೆ ಅನುಭವಿಸಿ, ಮಾತ್ರೆ ನುಂಗಿ, ವಯಸ್ಸಾದ ಮೆದುಳು. ಎಲ್ಲಿ ಶುರುವಾಯಿತು ಅಂತ ಅದರಲ್ಲಿ ಕಾಣಲ್ಲ. ಇಲಿಯನ್ನು ನೋಡಿದರೆ, ಇಲಿಗೆ ಯಾರೋ ಬೈದ ಧ್ವನಿ ಕೇಳಿಸುತ್ತಾ ಅಂತ ಕೇಳೋದು ಹೇಗೆ? ಹಾಗಾಗಿ ಮನೋರೋಗದ ವೈದ್ಯರಾದ ನಾವು ಇಷ್ಟು ವರ್ಷ ಬಾಗಿಲ ಹೊರಗೆ ನಿಂತು ಒಳಗಿನ ಸದ್ದು ಕೇಳಿ ಔಷಧಿ ಕೊಟ್ಟಿದ್ದೇವೆ.

ಆ ಬಾಗಿಲು ಸ್ವಲ್ಪ ತೆರೆದದ್ದು ಜಪಾನಿನ ಶಿನ್ಯಾ ಯಮನಾಕಾ ಅವರಿಂದ. ನಿಮ್ಮದು ಭತ್ತದ ಊರು, ಹಾಗಾಗಿ ಹೀಗೆ ಹೇಳುತ್ತೇನೆ. ಬೀಜದಿಂದ ಬೇರು, ಕಾಂಡ, ಎಲೆ ಎಲ್ಲ ಬರುತ್ತೆ. ಬೆಳೆದ ಎಲೆ ಮತ್ತೆ ಬೀಜ ಆಗುತ್ತಾ? ಆಗಲ್ಲ. ಮನುಷ್ಯನ ಕೋಶಗಳೂ ಹಾಗೇ, ಒಂದು ಸಲ ಚರ್ಮವೋ ರಕ್ತವೋ ಆದರೆ ಮುಗಿಯಿತು ಅಂತಲೇ ತುಂಬಾ ಜನ ನಂಬಿದ್ದರು. ಕಪ್ಪೆಯ ಕರುಳಿನ ಕೋಶದ ನಡುಭಾಗ ತೆಗೆದು ಮೊಟ್ಟೆಗೆ ಹಾಕಿ ಅದರಿಂದ ಗೊದಮೊಟ್ಟೆ ಬೆಳೆಸಿ, ಹಾಗೇನೂ ಇಲ್ಲ ಅಂತ 1962ರಲ್ಲಿ ತೋರಿಸಿದವರು ಇಂಗ್ಲೆಂಡಿನ ಜಾನ್ ಗರ್ಡನ್. ಯಮನಾಕಾ 2006ರಲ್ಲಿ ಇಲಿಯ ಚರ್ಮದ ಕೋಶಕ್ಕೆ ಬರೀ ನಾಲ್ಕು ಜೀನ್ ಹಾಕಿ ಅದನ್ನು ಬೀಜದಂಥ ಸ್ಥಿತಿಗೆ ವಾಪಸ್ ತಂದರು. ಮರು ವರ್ಷ ಮನುಷ್ಯನ ಕೋಶದಲ್ಲೂ ಮಾಡಿದರು. 2012ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು.

ನಿಮ್ಮ ತಮ್ಮನ ರಕ್ತಕ್ಕೂ ಇದನ್ನೇ ಮಾಡುತ್ತಾರೆ. ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಅವಕ್ಕೆ ಆ ಜೀನುಗಳನ್ನು ಹಾಕಿ, ಕೆಲವು ವಾರ ಕಾದರೆ ತಟ್ಟೆಯಲ್ಲಿ ಸಣ್ಣ ಸಣ್ಣ ಗುಂಪುಗಳು ಏಳುತ್ತವೆ. ಅವೇ ಸ್ಟೆಮ್ ಸೆಲ್. ಅದರಲ್ಲಿ ಒಳ್ಳೆಯದನ್ನು ಆರಿಸಿ, ಬೇರೆ ಬೇರೆ ರಾಸಾಯನಿಕಗಳನ್ನು ಒಂದಾದ ಮೇಲೊಂದು ಕೊಟ್ಟು, ತಿಂಗಳುಗಟ್ಟಲೆ ಸಾಕಿದರೆ ನರಕೋಶ ಆಗುತ್ತವೆ. 37 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿ ಇಡಬೇಕು. ಸ್ಟೆಮ್ ಸೆಲ್‌ಗಳಿಗೆ ದಿನಾ ಅವುಗಳ ಆಹಾರದ ದ್ರವ ಬದಲಿಸಬೇಕು, ಭಾನುವಾರ ಇಲ್ಲ, ಹಬ್ಬ ಇಲ್ಲ. ಸಸಿಮಡಿ ಕಾಯುವವರಿಗೆ ಈ ಕಷ್ಟ ಬೇಗ ಅರ್ಥ ಆಗುತ್ತೆ. ಉಳಿದ ಕೋಶಗಳನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯ ತಂಪಿನಲ್ಲಿ ಇಟ್ಟರೆ ವರ್ಷಗಟ್ಟಲೆ ಕೆಡದೆ ಇರುತ್ತವೆ.

ನಾನು ಒಮ್ಮೆ ಇಂಥ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ. ಕೋಶಗಳು ಎಳೆ ಎಳೆಯಾಗಿ ಕೈ ಚಾಚಿ ಪಕ್ಕದ ಕೋಶವನ್ನು ಮುಟ್ಟಿದ್ದವು. ಕೋಶ ಚುರುಕಾದಾಗ ಬೆಳಗುವ ಒಂದು ಬಣ್ಣ ಹಾಕಿದ್ದರು. ಕತ್ತಲಲ್ಲಿ ಹಸಿರು ಚುಕ್ಕಿಗಳು ಒಂದು ಕಡೆ ಮಿನುಗಿ, ತಡೆದು, ಇನ್ನೊಂದು ಕಡೆ ಮಿನುಗುತ್ತಿದ್ದವು. ಇದು ಯಾವ ಮನೆಯ ಮಗನ ರಕ್ತವೋ ಅಂತ ಯೋಚಿಸಿದೆ. ಮೂವತ್ತು ವರ್ಷ ಈ ಕಾಯಿಲೆ ನೋಡಿದ ನನಗೆ, ಅದರ ಒಳಗಿನ ಒಂದು ಚೂರನ್ನು ಕಣ್ಣಾರೆ ಕಂಡದ್ದು ಅವತ್ತೇ ಮೊದಲು.

ಅವ್ವನಿಗೆ ಇದನ್ನು ಸರಿಯಾಗಿ ಹೇಳಿ: ಅಲ್ಲಿ ಇನ್ನೊಬ್ಬ ತಮ್ಮ ಹುಟ್ಟಲ್ಲ, ಅವನ ಬುದ್ಧಿಯೋ ನೆನಪೋ ಆ ತಟ್ಟೆಗೆ ಹೋಗಲ್ಲ. ಕೋಶಗಳನ್ನು ಉಂಡೆಯ ಹಾಗೆ ಬೆಳೆಸುವ ವಿಧಾನವೂ ಇದೆ, ಆರ್ಗನಾಯ್ಡ್ ಅಂತಾರೆ, ಮೆದುಳಿನದ್ದನ್ನು 2013ರಲ್ಲಿ ವಿಯೆನ್ನಾದಲ್ಲಿ ಮಾಡಿ ತೋರಿಸಿದರು. ಪತ್ರಿಕೆಗಳು ಅದನ್ನು ಮಿನಿ ಮೆದುಳು ಅಂತ ಕರೆದು ಜನರನ್ನು ಹೆದರಿಸಿಬಿಟ್ಟವು. ಬಟಾಣಿ ಕಾಳಿನಷ್ಟು ದಪ್ಪ, ಕಣ್ಣಿಲ್ಲ, ಕಿವಿಯಿಲ್ಲ, ರಕ್ತನಾಳವೂ ಇಲ್ಲ, ಹಾಗಾಗಿ ದೊಡ್ಡದಾದರೆ ನಡುವೆ ಆಹಾರ ಸಿಗದೆ ಕೋಶಗಳು ಸಾಯುತ್ತವೆ. ಮೆದುಳು ಅನ್ನೋ ಹೆಸರು ಅದಕ್ಕೆ ತುಂಬಾ ದೊಡ್ಡದಾಯಿತು.

ಇದರಿಂದ ಇಲ್ಲಿಯವರೆಗೆ ಏನು ಗೊತ್ತಾಗಿದೆ ಅಂತ ಕೇಳುತ್ತೀರಿ. 2011ರಲ್ಲಿ ಅಮೆರಿಕದವರು ಸ್ಕಿಜೋಫ್ರೇನಿಯಾ ಇದ್ದ ನಾಲ್ಕು ಜನರ ಕೋಶಗಳಿಂದ ನರಕೋಶ ಬೆಳೆಸಿದಾಗ, ಅವು ಒಂದಕ್ಕೊಂದು ಸೇರಿಕೊಂಡಿದ್ದೇ ಕಡಿಮೆ ಇತ್ತು. ನನಗೆ ಜಾಸ್ತಿ ಹಿಡಿಸಿದ್ದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ ಏರಿ ಇನ್ನೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆಯ ಮೇಲೆ 2015ರಲ್ಲಿ ಬಂದ ಕೆಲಸ. ಆ ಕಾಯಿಲೆಗೆ ಲಿಥಿಯಂ ಅನ್ನೋ ಉಪ್ಪಿನಂಥ ಮಾತ್ರೆ ಕೊಡುತ್ತೇವೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಕಂಡುಕೊಂಡದ್ದು. ಕೆಲವರಿಗೆ ಅದು ಸಂಜೀವಿನಿ, ಕೆಲವರಿಗೆ ಏನೂ ಮಾಡಲ್ಲ, ಯಾರಿಗೆ ಅಂತ ಮೊದಲೇ ಹೇಳೋಕೆ ಆಗಲ್ಲ. ತಿಂಗಳುಗಟ್ಟಲೆ ಕೊಟ್ಟು ನೋಡಬೇಕು. ನಮ್ಮ ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಂತೂ ಬೆವರಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ಅಪಾಯ ಆಗುತ್ತೆ, ಏಪ್ರಿಲ್ ಬಂತು ಅಂದರೆ ನನಗೆ ಅದೇ ಚಿಂತೆ. (ಓದುತ್ತಿರುವ ಯಾರಾದರೂ ಲಿಥಿಯಂ ತಗೊಳ್ಳುತ್ತಿದ್ದರೆ ಚೆನ್ನಾಗಿ ನೀರು ಕುಡಿಯಿರಿ, ಕೈ ನಡುಕವೋ ವಾಂತಿಯೋ ಭೇದಿಯೋ ಶುರುವಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.) ಇರಲಿ. 2015ರಲ್ಲಿ ಏನು ಕಂಡರು ಅಂದರೆ, ಬೈಪೋಲಾರ್ ಇದ್ದವರ ಚರ್ಮದ ಕೋಶಗಳಿಂದ ಬೆಳೆಸಿದ ನರಕೋಶಗಳು ಉಳಿದವರದಕ್ಕಿಂತ ಜಾಸ್ತಿ ಚುರುಕಾಗಿ ಮಿಡಿಯುತ್ತಿದ್ದವು. ತಟ್ಟೆಗೆ ಲಿಥಿಯಂ ಹಾಕಿದಾಗ, ಲಿಥಿಯಂನಿಂದ ನಿಜವಾಗಿ ಗುಣ ಕಂಡಿದ್ದವರ ಕೋಶಗಳು ಮಾತ್ರ ಶಾಂತವಾದವು. ಉಳಿದವರ ಕೋಶಗಳು ಹಾಗೇ ಮಿಡಿದವು. ಆ ಮನುಷ್ಯನಿಗೆ ಮಾತ್ರೆ ಹಿಡಿಯುತ್ತೋ ಇಲ್ಲವೋ ಅನ್ನೋದರ ಗುರುತು ತಟ್ಟೆಯಲ್ಲೇ ಇತ್ತು! ಕೆಲವೇ ಜನರ ಮೇಲೆ ಮಾಡಿದ ಕೆಲಸ ಅದು, ನನ್ನ ಹೊರರೋಗಿ ವಿಭಾಗಕ್ಕೆ ಅಂಥ ಪರೀಕ್ಷೆ ಇನ್ನೂ ಬಂದಿಲ್ಲ. ಆದರೆ ಬಂದರೆ ಎಷ್ಟು ಮನೆಗಳ ಎಷ್ಟು ತಿಂಗಳು ಉಳಿಯುತ್ತೆ ನೋಡಿ.

ನಿರಾಸೆಯ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ನಿಮಗೆ ಮೋಸ ಮಾಡಿದ ಹಾಗೆ ಆಗುತ್ತೆ. ಹರೆಯದಲ್ಲಿ ಮೆದುಳು ಬೇಡದ ಜೋಡಣೆಗಳನ್ನು ಕಿತ್ತು ಹಾಕುತ್ತೆ, ಒತ್ತಾಗಿ ಬೆಳೆದ ಜೋಳದಲ್ಲಿ ನಡುನಡುವಿನ ಸಸಿ ಕೀಳುವ ಹಾಗೆ. ಸ್ಕಿಜೋಫ್ರೇನಿಯಾದಲ್ಲಿ ಈ ಕೀಳುವ ಕೆಲಸ ಅತಿಯಾಗಿರಬಹುದು ಅನ್ನೋದಕ್ಕೆ 2016ರಲ್ಲಿ ಸಿ4 ಅನ್ನೋ ಜೀನಿನಿಂದ ಬಲವಾದ ಸುಳಿವು ಸಿಕ್ಕಿತು. ಈ ಕಾಯಿಲೆ ಯಾಕೆ ಹದಿನೆಂಟು ಇಪ್ಪತ್ತರ ಆಸುಪಾಸಿನಲ್ಲೇ ತಲೆ ಎತ್ತುತ್ತೆ ಅನ್ನೋದಕ್ಕೂ ಅದು ಹೊಂದುತ್ತೆ. 2019ರಲ್ಲಿ ರೋಗಿಗಳ ಕೋಶಗಳನ್ನೇ ಬೆಳೆಸಿ ನೋಡಿದಾಗ, ಜೋಡಣೆಗಳನ್ನು ತಿನ್ನುವ ಕೋಶಗಳು ಜಾಸ್ತಿ ತಿನ್ನುತ್ತಿದ್ದವು. ಮಿನೋಸೈಕ್ಲಿನ್ ಅನ್ನೋ ಹಳೇ ಆ್ಯಂಟಿಬಯೋಟಿಕ್ ಹಾಕಿದರೆ ಕಡಿಮೆಯಾಯಿತು. ಹಾಗಾದರೆ ಅದನ್ನೇ ರೋಗಿಗಳಿಗೆ ಕೊಟ್ಟುಬಿಡಬಹುದಲ್ಲ? ಬ್ರಿಟನ್ನಿನಲ್ಲಿ ಕಾಯಿಲೆ ಶುರುವಾಗಿ ಕೆಲವೇ ವರ್ಷ ಆದ ಇನ್ನೂರಕ್ಕೂ ಹೆಚ್ಚು ಜನರಿಗೆ ಒಂದು ವರ್ಷ ಕೊಟ್ಟು ನೋಡಿದ್ದರು, 2018ರಲ್ಲಿ ಫಲಿತಾಂಶ ಬಂದಿತ್ತು. ಉಪಯೋಗ ಆಗಲಿಲ್ಲ. ಕಾಯಿಲೆ ಕಾಣುವ ಹೊತ್ತಿಗೆ ಕೀಳುವ ಕೆಲಸ ಮುಗಿದೇ ಹೋಗಿರಬಹುದು ಅಂತ ನನಗೆ ಅನ್ನಿಸುತ್ತೆ. ತಟ್ಟೆಯಲ್ಲಿ ಆದದ್ದು ಮನುಷ್ಯನಲ್ಲಿ ಆಗೇ ಆಗುತ್ತೆ ಅಂತ ಯಾರಾದರೂ ಹೇಳಿದರೆ ಈ ಮಾತು ನೆನಪಿಡಿ.

ಇನ್ನೊಂದು ಮಿತಿ ಇದೆ. ಕೋಶವನ್ನು ಬೀಜದ ಸ್ಥಿತಿಗೆ ತಂದಾಗ ಅದರ ವಯಸ್ಸಿನ ಗುರುತುಗಳೂ ಅಳಿಸಿ ಹೋಗುತ್ತವೆ. ತಟ್ಟೆಯ ನರಕೋಶ ಗರ್ಭದ ಮಗುವಿನ ನರಕೋಶದ ಹಾಗಿರುತ್ತೆ, 24 ವರ್ಷದ ಯುವಕನದರ ಹಾಗಲ್ಲ. ನಿಮ್ಮ ತಮ್ಮ ನಿದ್ದೆಗೆಟ್ಟ ರಾತ್ರಿಗಳು, ಮನೆಯ ಸಾಲ, ಕಾಲೇಜು ಬಿಟ್ಟ ಸಂಕಟ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ಜೀನುಗಳಿಂದ ಬಂದ ಭಾಗವನ್ನು ಅದು ತೋರಿಸಬಹುದು, ಬದುಕಿನಿಂದ ಬಂದದ್ದನ್ನು ತೋರಿಸಲ್ಲ.

ಹಾಗಾಗಿ ತಮ್ಮನಿಗೆ ಉಪಯೋಗ ಇದೆಯಾ ಅಂದರೆ, ಈಗ ಇಲ್ಲ. ಮುಂದಿನ ವರ್ಷವೂ ಬಹುಶಃ ಇಲ್ಲ. ಅವನ ರಕ್ತದಿಂದ ಗೊತ್ತಾಗೋದು ಮುಂದೆ ಬೇರೆ ಯಾರದೋ ಮನೆಗೆ ಮುಟ್ಟಬಹುದು. ಇಷ್ಟು ತಿಳಿದೂ ಕೊಡೋದಾದರೆ ನಾನು ಸಂತೋಷಪಡುತ್ತೇನೆ. ಕೊಡದಿದ್ದರೆ ತಪ್ಪೇನಿಲ್ಲ, ಅವನ ಚಿಕಿತ್ಸೆಗೆ ಅದರಿಂದ ಯಾವ ಅಡ್ಡಿಯೂ ಆಗುವಂತಿಲ್ಲ, ಅದು ನಿಯಮ.

ನಿಮ್ಮ ಮನೆಯನ್ನೇ ಯಾಕೆ ಕೇಳಿದರು ಅಂದರೆ, ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಕಾಯಿಲೆ ಇದ್ದರೆ ಜೀನುಗಳ ಸುಳಿವು ಸಿಗೋ ಅವಕಾಶ ಜಾಸ್ತಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಅನ್ನೋ ಎರಡು ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳು ಸೇರಿ 2016ರಿಂದ ಇಂಥ ಕುಟುಂಬಗಳ ಮೇಲೆಯೇ ಕೆಲಸ ಮಾಡಿವೆ. ಸ್ಕಿಜೋಫ್ರೇನಿಯಾ, ಬೈಪೋಲಾರ್, ಗೀಳು ಕಾಯಿಲೆ, ಅಲ್‌ಝೈಮರ್ ಮರೆವು, ಕುಡಿತದಂಥ ಚಟ, ಈ ಐದರ ಮೇಲೆ. ನಿಮ್ಮ ರಕ್ತ ಕೇಳಿದ್ದಕ್ಕೂ ಕಾರಣ ಇದೇ. ನೀವೂ ತಮ್ಮನೂ ಒಂದೇ ಮನೆಯಲ್ಲಿ ಬೆಳೆದವರು, ಅರ್ಧದಷ್ಟು ಜೀನು ಇಬ್ಬರಿಗೂ ಒಂದೇ, ಆದರೂ ಅವನಿಗೆ ಬಂತು, ನಿಮಗೆ ಬರಲಿಲ್ಲ. ಗುರುತಿಲ್ಲದ ಯಾರನ್ನೋ ಪಕ್ಕಕ್ಕಿಟ್ಟು ಹೋಲಿಸಿದರೆ ಸಾವಿರ ವ್ಯತ್ಯಾಸ ಕಾಣುತ್ತೆ, ಯಾವುದು ಕಾಯಿಲೆಯದು ಅಂತ ತಿಳಿಯಲ್ಲ. ನಿಮ್ಮ ಕೋಶಗಳನ್ನು ಪಕ್ಕಕ್ಕಿಟ್ಟರೆ ಹುಡುಕಾಟ ಸಣ್ಣದಾಗುತ್ತೆ. ನಮ್ಮ ಜನ ಕೊಡಬೇಕು ಅನ್ನೋದಕ್ಕೆ ಇನ್ನೂ ಒಂದು ಕಾರಣ: 2022ರಲ್ಲಿ 76,000ಕ್ಕೂ ಜಾಸ್ತಿ ರೋಗಿಗಳನ್ನು ನೋಡಿ ಜೀನುಗಳ 287 ಜಾಗಗಳನ್ನು ಗುರುತಿಸಿದರು, ಆದರೆ ಅದರಲ್ಲಿ ಬಹುಪಾಲು ಯುರೋಪ್ ಮೂಲದವರು. ನಮ್ಮವರ ಜೀನುಗಳಲ್ಲಿ ಬೇರೆ ಏನಿದೆಯೋ ಅದನ್ನು ನಮ್ಮವರಲ್ಲೇ ನೋಡಬೇಕು.

ನಮ್ಮ ಸೀಮೆಗೆ ಇದು ಹೊಸದಲ್ಲ, ಗೊತ್ತಾ? 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಗೆ ಬಂದು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ಮನೋರೋಗದ ಚಿಕಿತ್ಸೆ ಕಲಿಸಿ ನೋಡಿದರು. ಬಳ್ಳಾರಿ ಮಾದರಿ ಅಂತಲೇ ಅದಕ್ಕೆ ಹೆಸರು. 1996ರಲ್ಲಿ ದೇಶಕ್ಕೆಲ್ಲ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದರಿಂದಲೇ. ನಿಮ್ಮ ತಮ್ಮನ ಮಾತ್ರೆಗೆ ಪ್ರತಿ ತಿಂಗಳು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಬೇಕಿಲ್ಲ, ಕೊಪ್ಪಳ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ತಂಡವನ್ನು ಕೇಳಿ. ರಾತ್ರಿ ಹೊತ್ತು ತುರ್ತಾಗಿ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವ್ವ ಹುಣ್ಣಿಮೆಗೆ ಹುಲಿಗೆಮ್ಮನ ಹತ್ತಿರ ಕರಕೊಂಡು ಹೋಗ್ತೀನಿ ಅಂದರೆ ಹೋಗಿಬರಲಿ, ಮಾತ್ರೆಯ ಡಬ್ಬಿ ಚೀಲದಲ್ಲಿರಲಿ.

ಮದುವೆಯ ಚಿಂತೆಗೆ ಲೆಕ್ಕ ಕೊಡುತ್ತೇನೆ. ಯಾವುದೇ ಊರಿನಲ್ಲಿ 100 ಜನರಲ್ಲಿ ಸುಮಾರು ಒಬ್ಬರಿಗೆ ಈ ಕಾಯಿಲೆ ಬರಬಹುದು. ಯುರೋಪಿನ ಹಳೆಯ ಕುಟುಂಬ ಅಧ್ಯಯನಗಳ ಪ್ರಕಾರ, ಅಣ್ಣನಿಗೋ ತಮ್ಮನಿಗೋ ಇದ್ದರೆ ಒಡಹುಟ್ಟಿದವರಿಗೆ ಬರುವುದು 100ರಲ್ಲಿ ಸುಮಾರು 9. ಸೋದರಮಾವನಿಗೆ ಇದ್ದರೆ ಅಳಿಯ, ಸೊಸೆಯರಿಗೆ, ಅಂದರೆ ನಿಮ್ಮ ಮಕ್ಕಳಿಗೆ, ಸುಮಾರು 4. ನಿಮ್ಮ ಮನೆಯಲ್ಲಿ ಇನ್ನಿಬ್ಬರಿಗೂ ಇರೋದರಿಂದ ಸ್ವಲ್ಪ ಜಾಸ್ತಿ ಇರಬಹುದು. ಆದರೂ ಬಾರದೆ ಇರೋ ಅವಕಾಶವೇ ತುಂಬಾ ದೊಡ್ಡದು. ಸಂಬಂಧದಲ್ಲೇ ಮಾಡಿಕೊಳ್ಳುವ ಮಾತಿದ್ದರೆ, ದೊಡ್ಡಪ್ಪನ ಕಡೆಯ ರಕ್ತ ಹುಡುಗನ ಮನೆಗೂ ಸೇರಿದೆಯಾ ಅಂತ ಒಮ್ಮೆ ಡಾಕ್ಟರ ಹತ್ತಿರ ಕೂತು ಮಾತಾಡಿ. ಮುಚ್ಚಿಟ್ಟು ಮದುವೆ ಮಾಡಬೇಡಿ. ಮುಚ್ಚಿಟ್ಟ ಮನೆಗಳಲ್ಲಿ ಕಾಯಿಲೆಗಿಂತ ಸುಳ್ಳು ಜಾಸ್ತಿ ನೋವು ಮಾಡಿದ್ದನ್ನು ನೋಡಿದ್ದೇನೆ. ಸಂಶೋಧನೆಗೆ ಕೊಟ್ಟ ರಕ್ತದಿಂದ ನಿಮಗೆ ಬರುತ್ತೋ ಇಲ್ಲವೋ ಅಂತ ಹೇಳೋಕೆ ಆಗಲ್ಲ, ಆ ಆಸೆಯಿಂದ ಕೊಡಬೇಡಿ.

ಕೊಡೋದಾದರೆ, ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಮನೆಗೆ ತಂದು ಓದಿ ಆಮೇಲೆ ಸಹಿ ಮಾಡಿ. ಹೆಸರಿನ ಬದಲು ಸಂಕೇತದ ಸಂಖ್ಯೆ ಹಾಕುತ್ತಾರಾ, ಕೋಶಗಳು ಬೇರೆ ಲ್ಯಾಬಿಗೆ, ಬೇರೆ ದೇಶಕ್ಕೆ, ಔಷಧಿ ಕಂಪನಿಗೆ ಹೋಗುತ್ತವಾ, ಮುಂದೆ ಬೇಡ ಅನ್ನಿಸಿದರೆ ವಾಪಸ್ ಪಡೆಯೋದು ಹೇಗೆ, ಆಗ ಫ್ರೀಜರಿನಲ್ಲಿ ಇರೋದನ್ನು ಏನು ಮಾಡುತ್ತಾರೆ, ಪ್ರಯಾಣದ ಖರ್ಚು ಕೊಡುತ್ತಾರಾ ಅಂತ ಬಾಯಿಬಿಟ್ಟು ಕೇಳಿ. ಸರಿಯಾಗಿ ಕೆಲಸ ಮಾಡುವವರು ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳಲ್ಲ.

ಒಂದು ವಿಷಯ ನನ್ನನ್ನು ಕಾಡಿತು. ನಿಮ್ಮ ಪತ್ರದಲ್ಲಿ ಅವ್ವ ಏನಂತಾರೆ, ಕಾಕಾ ಏನಂತಾರೆ ಎಲ್ಲ ಇದೆ, ತಮ್ಮ ಏನಂತಾನೆ ಅಂತ ಒಂದು ಸಾಲೂ ಇಲ್ಲ. ಮಾತ್ರೆ ತಗೊಂಡು ಗದ್ದೆ ಕೆಲಸ ಮಾಡುವ ಹುಡುಗನಿಗೆ ಇದೆಲ್ಲ ಅರ್ಥ ಆಗುತ್ತೆ. ಒಪ್ಪಿಗೆ ಪತ್ರದ ಮೇಲೆ ಬೇಕಾಗಿರೋದೂ ಅವನ ಸಹಿಯೇ. ಸಂಜೆ ಅವನು ಗದ್ದೆಯಿಂದ ಬಂದ ಮೇಲೆ, ಊಟ ಆದ ಮೇಲೆ, ಈ ಉತ್ತರವನ್ನು ಅವನ ಪಕ್ಕ ಕೂತು ಓದಿ. ಅವನು ಏನಂದ ಅಂತ ನನಗೆ ಬರೆಯಿರಿ.